ಅಂಗೈಗೆ ಇಳಿದ ನಾದ

ಹೆಲನ್ ಕೆಲ್ಲರ್ ಜನಿಸಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಸಣ್ಣ ಊರಿನಲ್ಲಿ. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಬಂದೆರಗಿದ ಕಾಯಿಲೆಯು ದೃಷ್ಟಿ, ಶ್ರವಣಗಳೆರಡನ್ನೂ ಕಸಿದುಕೊಂಡಿತು. 1887ರಲ್ಲಿ ಆ್ಯನ್ ಸಲಿವನ್ ಗುರುವಾಗಿ ಬಂದರು. ಪಂಪಿನ ನೀರಿಗೆ ಬಾಲಕಿಯ ಒಂದು ಕೈಯನ್ನು ಒಡ್ಡಿಸಿ, ಮತ್ತೊಂದು ಅಂಗೈಯಲ್ಲಿ ನೀರೆಂಬ ಪದವನ್ನು ಬೆರಳಕ್ಷರಗಳಿಂದ ಮೂಡಿಸಿದ ಪ್ರಸಂಗ ಸರ್ವವಿದಿತ. ಅದೇ ಅಂಗೈ ಮುಂದೆ ಸಂಗೀತಕ್ಕೂ ಬಾಗಿಲಾಯಿತೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ನಾದವು ಮೂಲತಃ ಕಂಪನ. ಕಿವಿ ಅದರ ಅತಿಸೂಕ್ಷ್ಮ ಗ್ರಾಹಕ. ಆದರೆ ಏಕಮಾತ್ರ ಗ್ರಾಹಕವಲ್ಲ. ತಬಲದ ಡಗ್ಗಾದ ಮೇಲೆ ಕೈಯಿಟ್ಟವರಿಗೆ ಇದು ತಿಳಿಯುತ್ತದೆ. ತಾರಸ್ಥಾಯಿಯ ನುಣುಪು ಚರ್ಮಕ್ಕೆ ನಿಲುಕದಿದ್ದರೂ ಲಯ, ಒತ್ತು, ಮಂದ್ರದ ಗಾಂಭೀರ್ಯಗಳು ನಿಲುಕುತ್ತವೆ. ಗುರುಗಳ ತುಟಿ, ಗಂಟಲುಗಳನ್ನು ಮುಟ್ಟಿ ಮಾತು ಕಲಿತ ಹೆಲನ್ ಅವರಿಗೆ ಈ ಮಾರ್ಗ ಬಾಲ್ಯದಿಂದಲೇ ಪರಿಚಿತವಾಗಿತ್ತು. 1904ರಲ್ಲಿ ಪದವೀಧರೆಯಾಗಿ, ಲೇಖಕಿಯಾಗಿ ಖ್ಯಾತರಾದ ಮೇಲೆ, ಮಹಾಗಾಯಕ ಎನ್ರಿಕೊ ಕರೂಸೊ ಹಾಡುತ್ತಿರುವಾಗ ಅವರ ತುಟಿಗಳ ಮೇಲೆ ಬೆರಳಿಟ್ಟು ಆ ಗಾನವನ್ನು ಗ್ರಹಿಸಿದರು.

1924ರ ಫೆಬ್ರವರಿಯ ಒಂದು ರಾತ್ರಿ ನ್ಯೂಯಾರ್ಕಿನ ವಾದ್ಯವೃಂದವೊಂದು ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ನುಡಿಸಿತು. ಹೆಲನ್ ಅವರ ಮನೆಯವರು ಅದನ್ನು ರೇಡಿಯೊದಲ್ಲಿ ಆಲಿಸುತ್ತಿದ್ದರು. ಯಂತ್ರದ ಮೇಲೆ ಕೈಯಿಟ್ಟು ನೋಡಬಾರದೇಕೆ ಎಂದು ಯಾರೋ ಒಬ್ಬರು ಸೂಚಿಸಿ, ಅದರ ಮುಚ್ಚಳ ತಿರುಚಿ ತೆಗೆದುಕೊಟ್ಟರು. ಒಳಗಿನ ತೆಳು ಪೊರೆಯನ್ನು ಹಗುರಾಗಿ ಮುಟ್ಟಿದ ಅವರಿಗೆ ನಗಾರಿಗಳ ಮೊಳಗು, ತಂತಿವಾದ್ಯಗಳ ಆಳದ ನಾದ, ಕಟ್ಟಕಡೆಗೆ ಮೇಳಗಾನದ ಉಕ್ಕು ಬೇರೆಬೇರೆಯಾಗಿ ಅರಿವಿಗೆ ಬಂದವು. ಮರುದಿನ ವಾದ್ಯವೃಂದಕ್ಕೆ ಕೃತಜ್ಞತೆಯ ಪತ್ರ ಬರೆದರು. ತಾವು ಪಡೆದದ್ದು ಕಿವಿಯುಳ್ಳವರ ಶ್ರವಣವಲ್ಲವೆಂಬುದನ್ನು ಅದರಲ್ಲಿ ಮರೆಮಾಚಲಿಲ್ಲ. ಆದರೂ ಆ ಕೃತಿಯ ಭವ್ಯತೆ ತಮ್ಮನ್ನು ತಲುಪಿತೆಂದು ದೃಢವಾಗಿ ತಿಳಿಸಿದರು. ಬೀಥೋವನ್‌ನ ಕಿವುಡುತನವನ್ನೂ ಆ ಪತ್ರದಲ್ಲಿ ನೆನೆದರು. ಆ ಸಿಂಫನಿ ವಿಯೆನ್ನಾದಲ್ಲಿ ಮೊದಲು ಪ್ರಸ್ತುತಗೊಂಡದ್ದು 1824ರ ಮೇ 7ರಂದು. ಅಂದು ಚಪ್ಪಾಳೆಯೂ ಕೇಳಿಸದ ಕರ್ತೃವನ್ನು ಗಾಯಕಿಯೊಬ್ಬಳು ಸಭೆಯತ್ತ ತಿರುಗಿಸಿ ನಿಲ್ಲಿಸಬೇಕಾಯಿತು. ಶಬ್ದವಿಲ್ಲದ ಲೋಕದಲ್ಲಿ ಹುಟ್ಟಿದ ಕೃತಿ, ನೂರನೆಯ ವರ್ಷದಲ್ಲಿ ಅಂಥದೇ ಇನ್ನೊಂದು ಲೋಕವನ್ನು ಹೊಕ್ಕಿತು.

ಈ ಘಟನೆಯಲ್ಲಿ ಹೆಲನ್ ಅವರ ಪ್ರತಿಭೆಯಷ್ಟೇ ಗಮನಾರ್ಹವಾದದ್ದು ಆ ಪುಟ್ಟ ಸೂಚನೆ. ಅದನ್ನು ಯಾರೂ ಆಡದಿದ್ದರೆ ಅದೇ ಮನೆಯಲ್ಲಿ, ಅದೇ ರಾತ್ರಿ, ಅವರೊಬ್ಬರೇ ಸಂಗೀತದ ಹೊರಗುಳಿಯುತ್ತಿದ್ದರು. ಕಂಪನವನ್ನು ಮೈಗೆ ಮುಟ್ಟಿಸುವ ಉಡುಪುಗಳೂ ಹಾಡನ್ನು ಸಂಜ್ಞಾಭಾಷೆಯಲ್ಲಿ ಅಭಿನಯಿಸುವ ಕಲಾವಿದರೂ ಇಂದು ಇದ್ದಾರೆ. ಇವೆಲ್ಲವುಗಳ ಹಿಂದಿರುವುದು, ಪಕ್ಕದಲ್ಲಿರುವವರಿಗೂ ಇದು ಸಲ್ಲಬೇಕೆಂಬ ಅದೇ ಎಚ್ಚರ.

1936ರಲ್ಲಿ ಸಲಿವನ್ ತೀರಿಕೊಂಡರು. ಅನಂತರವೂ ಹೆಲನ್ ಅಂಗವಿಕಲರ ಶಿಕ್ಷಣಕ್ಕಾಗಿ ದೇಶದೇಶಗಳನ್ನು ಸುತ್ತಿದರು. 1955ರಲ್ಲಿ ಭಾರತಕ್ಕೂ ಬಂದರು. 1968ರ ಜೂನ್ 1ರಂದು ನಿಧನರಾದರು. ಅವರ ಚಿತಾಭಸ್ಮವನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿ, ಅಂಗೈಯಲ್ಲಿ ಮೊದಲ ಪದ ಬರೆದ ಗುರುವಿನ ಪಕ್ಕದಲ್ಲಿಯೇ ಇರಿಸಲಾಯಿತು.