ಬಿಲ್ ಹೇಲಿ ಮತ್ತು ಅವನ ಒಂದು ಹಾಡು

ರಾಕ್ ಅಂಡ್ ರೋಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವವನು ಎಲ್ವಿಸ್ ಪ್ರೆಸ್ಲಿ. ಆದರೆ ಅವನ ಹೆಸರು ದೇಶದಲ್ಲೆಲ್ಲ ಹರಡುವುದಕ್ಕೆ ಮೊದಲೇ ಆ ಸಂಗೀತವನ್ನು ಅಮೆರಿಕೆಯ ಮನೆಮನೆಗೆ ಮುಟ್ಟಿಸಿದವನು ಬಿಲ್ ಹೇಲಿ. ದುಂಡು ಮುಖ, ಹಣೆಯ ಮೇಲೊಂದು ಸುರುಳಿಗೂದಲು, ಮೂವತ್ತರ ವಯಸ್ಸು, ಹೆಂಡತಿ ಮಕ್ಕಳ ಸಂಸಾರ. ತರುಣರನ್ನು ಹುಚ್ಚೆಬ್ಬಿಸುವ ಲಕ್ಷಣ ಇವನಲ್ಲಿ ಯಾವುದೂ ಇರಲಿಲ್ಲ. ಹುಚ್ಚೆಬ್ಬಿಸಿದ್ದು ಅವನು ಹಾಡಿದ ‘ರಾಕ್ ಅರೌಂಡ್ ದ ಕ್ಲಾಕ್’ ಎಂಬ ಒಂದು ಹಾಡು.

ಹೇಲಿಯು 1925ನೆಯ ಇಸವಿ ಜುಲೈ 6ರಂದು ಮಿಚಿಗನ್ ಪ್ರಾಂತದ ಹೈಲೆಂಡ್ ಪಾರ್ಕಿನಲ್ಲಿ ಹುಟ್ಟಿದನು. ಎಳೆಯ ವಯಸ್ಸಿನಲ್ಲಿ ಕಿವಿಯ ಹಿಂಭಾಗದಲ್ಲಿ ನಡೆದ ಒಂದು ಶಸ್ತ್ರಚಿಕಿತ್ಸೆಯು ಕೆಟ್ಟು ಅವನ ಎಡಗಣ್ಣಿನ ದೃಷ್ಟಿಯೇ ಹೋಯಿತು. ನೋಡುವವರ ಗಮನ ಆ ಕಣ್ಣಿನ ಮೇಲೆ ಬೀಳದಿರಲೆಂದೇ ಹಣೆಯ ಸುರುಳಿಯನ್ನು ಬಿಟ್ಟುಕೊಂಡನೆಂದು ಹೇಳುತ್ತಾರೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ತಂದೆತಾಯಿಗಳು ಪೆನ್ಸಿಲ್ವೇನಿಯಕ್ಕೆ ಬಂದು ನೆಲೆಸಿದರು. ತಂದೆ ಬ್ಯಾಂಜೊ ನುಡಿಸುತ್ತಿದ್ದನು. ತಾಯಿ ಇಂಗ್ಲೆಂಡಿನವಳು, ಪಿಯಾನೊ ಬಲ್ಲವಳು. ಮಗನು ಗಿಟಾರು ಹಿಡಿದು, ದನಗಾಹಿಗಳ ವೇಷ ತೊಟ್ಟು, ಹಳ್ಳಿಗಾಡಿನ ಹಾಡುಗಳನ್ನು ಹಾಡುತ್ತ ಊರೂರು ಅಲೆದನು. ಮುಂದೆ ಚೆಸ್ಟರ್ ಎಂಬ ಊರಿನ ರೇಡಿಯೋ ನಿಲಯದಲ್ಲಿ ಕೆಲಸ ಸಿಕ್ಕಿತು.

ಅವನ ಕಿವಿ ಮಾತ್ರ ಬೇರೆ ಕಡೆಗೂ ತೆರೆದಿತ್ತು. ಕಪ್ಪು ಜನಾಂಗದ ವಾದ್ಯಗಾರರ ಕುಣಿತದ ಲಯವು ಅವನನ್ನು ಸೆಳೆಯಿತು. 1951ರಲ್ಲಿ ಜಾಕಿ ಬ್ರೆನ್ಸ್ಟನ್ನನ ‘ರಾಕೆಟ್ 88’ ಎಂಬ ಹಾಡನ್ನು ತಾನೂ ಹಾಡಿ ಮುದ್ರಿಸಿದನು. ಮರುವರ್ಷ ದನಗಾಹಿಯ ಟೊಪ್ಪಿಗೆಯನ್ನು ಕಳಚಿಟ್ಟು, ಹ್ಯಾಲಿ ಧೂಮಕೇತುವಿನ ಹೆಸರಿಗೆ ತನ್ನ ಹೆಸರು ಹೊಂದುವುದನ್ನು ಕಂಡು, ವಾದ್ಯವೃಂದಕ್ಕೆ ‘ಕಾಮೆಟ್ಸ್’ ಎಂದು ಹೆಸರಿಟ್ಟನು. ಮೂಲ ಗಾಯಕರಿಗೆ ದೊರೆಯದ ಹಣವೂ ಹೆಸರೂ ಬಿಳಿಯನಾದ ಇವನಿಗೆ ಸುಲಭವಾಗಿ ದೊರೆತವೆಂಬುದನ್ನು ನಾವು ಮರೆಯಬಾರದು. ಅದು ಅವನೊಬ್ಬನ ತಪ್ಪಲ್ಲ. ಆ ಕಾಲದ ಅಮೆರಿಕೆಯ ವ್ಯವಸ್ಥೆಯೇ ಹಾಗಿತ್ತು.

‘ರಾಕ್ ಅರೌಂಡ್ ದ ಕ್ಲಾಕ್’ ಹಾಡನ್ನು ಬರೆದವರೆಂದು ಮ್ಯಾಕ್ಸ್ ಫ್ರೀಡ್ಮನ್ ಮತ್ತು ಜೇಮ್ಸ್ ಮೈಯರ್ಸ್ ಎಂಬಿಬ್ಬರ ಹೆಸರಿದೆ. ಹೇಲಿಗೆ ಅದನ್ನು ಮುದ್ರಿಸುವ ಆಸೆ ಬಹಳವಿತ್ತು. ಆದರೆ ಅವನಿದ್ದ ಕಂಪನಿಯ ಒಡೆಯನಿಗೂ ಮೈಯರ್ಸನಿಗೂ ಆಗದು. ಹೀಗಾಗಿ ಡೆಕ್ಕಾ ಕಂಪನಿಗೆ ಸೇರಿದ ಮೇಲೆಯೇ ಅವನ ಆಸೆ ಕೈಗೂಡಿತು. 1954ರ ಏಪ್ರಿಲ್ 12ರಂದು ನ್ಯೂಯಾರ್ಕಿನ ಪಿಥಿಯನ್ ಟೆಂಪಲ್ ಎಂಬ ಕಟ್ಟಡದಲ್ಲಿ ಮುದ್ರಣ ನಡೆಯಿತು. ಅಂದಿನ ಮೇಲ್ವಿಚಾರಕ ಮಿಲ್ಟ್ ಗೇಬ್ಲರನ ಲಕ್ಷ್ಯವೆಲ್ಲ ಬೇರೊಂದು ಹಾಡಿನ ಮೇಲೆ; ಹೊತ್ತಿನ ಬಹುಭಾಗವೂ ಅದಕ್ಕೇ ಹೋಯಿತು. ಉಳಿದ ಅಲ್ಪಕಾಲದಲ್ಲಿ ಈ ಹಾಡನ್ನು ಅವಸರವಸರವಾಗಿ ಎರಡು ಸಲ ಹಾಡಿ ಮುಗಿಸಿದರು. ಒಂದು ಸಲ ವಾದ್ಯಗಳ ಅಬ್ಬರದಲ್ಲಿ ಹೇಲಿಯ ದನಿಯೇ ಮುಳುಗಿಹೋಗಿತ್ತು. ಎರಡನ್ನೂ ಕೂಡಿಸಿ ಒಂದು ಮಾಡಬೇಕಾಯಿತು.

ಆ ಹಾಡಿನ ನಡುವೆ ಮಿಂಚಿನಂತೆ ಹರಿಯುವ ಗಿಟಾರಿನ ತುಣುಕೊಂದಿದೆ. ಕೇಳಿದವರಾರೂ ಅದನ್ನು ಮರೆಯುವುದಿಲ್ಲ. ನುಡಿಸಿದವನು ಡ್ಯಾನಿ ಸೆಡ್ರೋನ್. ಎರಡು ವರ್ಷ ಹಿಂದೆ ಹೇಲಿಯದೇ ಇನ್ನೊಂದು ಹಾಡಿಗೆ ನುಡಿಸಿದ್ದನ್ನೇ ಇಲ್ಲಿ ಮತ್ತೆ ನುಡಿಸಿದನು. ಆ ದಿನದ ಕೆಲಸಕ್ಕೆ ಅವನಿಗೆ ಸಂದ ಕೂಲಿ 21 ಡಾಲರು. ಎರಡು ತಿಂಗಳು ಕಳೆದು, ಜೂನ್ 17ರಂದು, ಮೆಟ್ಟಲುಗಳಿಂದ ಉರುಳಿಬಿದ್ದು ತನ್ನ 33ನೆಯ ವಯಸ್ಸಿನಲ್ಲಿ ಸತ್ತನು. ತನ್ನ ಕೈಚಳಕವನ್ನು ಲೋಕವೆಲ್ಲ ಕೇಳಲಿರುವುದು ಆ ಬಡಪಾಯಿಗೆ ತಿಳಿಯಲೇ ಇಲ್ಲ.

ಮೇ ತಿಂಗಳಲ್ಲಿ ಪ್ಲೇಟು ಹೊರಬಂದಾಗ ಈ ಹಾಡಿಗೆ ಸಿಕ್ಕಿದ್ದು ಹಿಂಬದಿಯ ಮುಖ. ಸ್ವಲ್ಪ ಮಾರಾಟವಾಗಿ ಸುಮ್ಮನಾಯಿತು. 1955ರ ಮಾರ್ಚಿಯಲ್ಲಿ ರಿಚರ್ಡ್ ಬ್ರೂಕ್ಸನ ‘ಬ್ಲ್ಯಾಕ್ ಬೋರ್ಡ್ ಜಂಗಲ್’ ಎಂಬ ಚಿತ್ರ ತೆರೆಕಾಣದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಆದ ನಮಗೆ ಆ ಚಿತ್ರದ ವಸ್ತು ಕುತೂಹಲಕರವಾದದ್ದೇ. ನಗರದ ಒಂದು ಪುಂಡ ಶಾಲೆ. ಅಲ್ಲಿಗೆ ಬರುವ ಹೊಸ ಉಪಾಧ್ಯಾಯ. ಅವನ ಜೊತೆಯ ಉಪಾಧ್ಯಾಯನೊಬ್ಬನು ತಾನು ಪ್ರೀತಿಯಿಂದ ಕೂಡಿಟ್ಟ ಜಾಜ್ ಪ್ಲೇಟುಗಳನ್ನು ತರಗತಿಗೆ ತಂದರೆ ಹುಡುಗರು ಅವನ್ನೆಲ್ಲ ಒಡೆದು ಚೂರುಮಾಡುತ್ತಾರೆ. ಪ್ಲೇಟುಗಳನ್ನು ಒಡೆಯುವ ಚಿತ್ರವೇ ಹೇಲಿಯ ಪ್ಲೇಟಿಗೆ ಪುನರ್ಜನ್ಮವಿತ್ತಿತು! ಚಿತ್ರದ ಹೆಸರುಗಳು ಮೂಡುವಾಗ ಆ ಹಾಡು ಥಿಯೇಟರು ನಡುಗುವಂತೆ ಮೊಳಗುತ್ತಿತ್ತು. ಜುಲೈ 9ರಂದು ಅದು ಅಮೆರಿಕೆಯ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಗಿ ಎಂಟು ವಾರ ಅಲ್ಲಿಯೇ ನಿಂತಿತು.

ಕೀರ್ತಿಯ ಹಿಂದೆಯೇ ಅಪಕೀರ್ತಿಯೂ ಬಂತು. 1956ರಲ್ಲಿ ಅದೇ ಹಾಡಿನ ಹೆಸರಿನ ಚಿತ್ರವೊಂದು ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದಾಗ ಹುಡುಗರು ಕುರ್ಚಿಗಳ ಸಾಲಿನ ನಡುವೆ ಕುಣಿದರು, ಕುರ್ಚಿಗಳನ್ನು ಹರಿದರು. ಕೆಲವು ಊರುಗಳಲ್ಲಿ ಪೌರಸಭೆಗಳು ಚಿತ್ರವನ್ನೇ ತಡೆದವು. 1958ರಲ್ಲಿ ಬರ್ಲಿನ್ನಿನ ಕಚೇರಿಯು ಗಲಭೆಯಲ್ಲಿ ಮುಗಿಯಿತು. ಹುಡುಗರು ಕೆಡುವುದು ಹಾಡಿನಿಂದ ಎಂದು ಹಿರಿಯರು ದೂರಿದರು. ಹುಡುಗರ ಕೋಪಕ್ಕೆ ಬೇರೆ ಕಾರಣಗಳಿದ್ದವು. ಹಾಡು ನೆಪವಾಯಿತೆಂದೇ ನನ್ನ ಎಣಿಕೆ. ಸೌಮ್ಯ ಸ್ವಭಾವದ ಹೇಲಿಗಂತೂ ಈ ರಂಪವೆಲ್ಲ ಬೇಡದ ಹೊರೆ.

1957ರ ಫೆಬ್ರವರಿಯಲ್ಲಿ ಅವನು ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ಇಳಿದಾಗ ಸಾವಿರಾರು ಜನ ಮುತ್ತಿದರು. ಆದರೆ ರಂಗದ ಮೇಲೆ ಅವನನ್ನು ಕಂಡ ತರುಣರಿಗೆ ಇವನು ನಮ್ಮ ಚಿಕ್ಕಪ್ಪನಂತಿದ್ದಾನಲ್ಲ ಎನಿಸಿರಬೇಕು. ಅಷ್ಟರಲ್ಲಿ ಎಲ್ವಿಸ್ ಬಂದಾಗಿತ್ತು. ಸಂಬಳದ ವ್ಯಾಜ್ಯದಿಂದ ಮೂವರು ವಾದ್ಯಗಾರರು 1955ರಲ್ಲಿಯೇ ಬಿಟ್ಟುಹೋಗಿದ್ದರು. ಮುಂದೆ ತೆರಿಗೆಯ ಬಾಕಿ ಬೆಳೆದು, ಹೇಲಿಯು ಮೆಕ್ಸಿಕೋಗೆ ಹೋಗಿ ಅಲ್ಲಿ ಟ್ವಿಸ್ಟ್ ಕುಣಿತದ ಹಾಡುಗಳನ್ನು ಸ್ಪ್ಯಾನಿಷಿನಲ್ಲಿ ಹಾಡಿದನು. 1974ರಲ್ಲಿ ಹಳೆಯ ಹಾಡು ಮತ್ತೊಮ್ಮೆ ಪಟ್ಟಿಯೇರಿತು. 1979ರ ನವೆಂಬರಿನಲ್ಲಿ ಎಲಿಜಬೆತ್ ರಾಣಿಯ ಮುಂದೆ ಅದನ್ನೇ ಹಾಡಿದನು.

ಅವನ ಕೊನೆಯ ದಿನಗಳು ಟೆಕ್ಸಸ್ ಪ್ರಾಂತದ ಹಾರ್ಲಿಂಜನ್ನಿನಲ್ಲಿ ಕಳೆದವು. ಕುಡಿತವೂ ಕಾಯಿಲೆಯೂ ಅವನನ್ನು ಹಣ್ಣುಮಾಡಿದ್ದವು. ಊರಿನ ಹೋಟೆಲಿನಲ್ಲಿ ಕುಳಿತು, ತಾನು ಬಿಲ್ ಹೇಲಿ ಎಂದು ಅಪರಿಚಿತರಿಗೆ ಹೇಳಿ, ನಂಬದವರಿಗೆ ತನ್ನ ಡ್ರೈವಿಂಗ್ ಲೈಸೆನ್ಸನ್ನು ತೆಗೆದು ತೋರಿಸುತ್ತಿದ್ದನಂತೆ. 1981ರ ಫೆಬ್ರವರಿ 9ರಂದು, 55ನೆಯ ವಯಸ್ಸಿನಲ್ಲಿ, ಆ ಊರಿನ ತನ್ನ ಮನೆಯಲ್ಲಿಯೇ ತೀರಿಕೊಂಡನು.