ಬಿದ್ದ ಮರಗಳನ್ನು ಓದಿದ ಫುಜಿತಾ

2020ರ ಜೂನ್ 3ರಂದು ನಿಸರ್ಗ ಚಂಡಮಾರುತವು ರಾಯಗಡ ಜಿಲ್ಲೆಯ ಕರಾವಳಿಯನ್ನು ಹೊಕ್ಕಾಗ ಮುಂಬಯಿ ನಗರವು ಹೆಚ್ಚಿನ ಹಾನಿಯಿಲ್ಲದೆ ಪಾರಾಯಿತು. ಶ್ರೀವರ್ಧನದ ಕಡೆಯ ಅಡಿಕೆ, ತೆಂಗಿನ ತೋಟಗಳು ಮಾತ್ರ ನೆಲಕಚ್ಚಿದವು. ತೋಟವನ್ನು ಊರಲ್ಲಿ ಬಿಟ್ಟು ಬಂದ ನಮ್ಮ ಓದುಗರಿಗೆ ಆ ನಷ್ಟವನ್ನು ಬಣ್ಣಿಸಬೇಕಾಗಿಲ್ಲ. ಇಂತಹ ವೇಳೆಯಲ್ಲಿ ತಲಾಠಿಯು ಬಂದು ಪಂಚನಾಮೆ ಬರೆಯುತ್ತಾನೆ: ಇಷ್ಟು ಮರ, ಇಷ್ಟು ಹೆಂಚು, ಇಷ್ಟು ಗೋಡೆ. ಪರಿಹಾರಕ್ಕೆ ಬೇಕಾದ ಲೆಕ್ಕವದು. ಮರವು ಯಾವ ದಿಕ್ಕಿಗೆ ತಲೆಯಿಟ್ಟು ಮಲಗಿದೆಯೆಂದು ಕೇಳುವವರು ವಿರಳ. ಆ ಒಂದು ಪ್ರಶ್ನೆಯಲ್ಲೇ ಬಾಳು ಸವೆಸಿದವರು ಜಪಾನಿನ ತೆತ್ಸುಯಾ ಫುಜಿತಾ.

ಅವರು 1920ರ ಅಕ್ಟೋಬರ್ 23ರಂದು ಕ್ಯೂಶು ದ್ವೀಪದಲ್ಲಿ, ಕೊಕುರಾ ನಗರದ ಸಮೀಪದಲ್ಲಿ ಜನಿಸಿದರು. ಯಂತ್ರಶಾಸ್ತ್ರವನ್ನು ಕಲಿತು ತಾವು ಕಲಿತ ಕಾಲೇಜಿನಲ್ಲೇ ಅಧ್ಯಾಪಕರಾದರು. 1945ರ ಆಗಸ್ಟ್ 9ರಂದು ಅಣುಬಾಂಬು ಬೀಳಬೇಕಾಗಿದ್ದುದು ಕೊಕುರಾದ ಮೇಲೆ. ಅಂದು ಗುರಿಯು ವಿಮಾನಕ್ಕೆ ಕಾಣಿಸದಿದ್ದುದರಿಂದ ಆ ಬಾಂಬು ನಾಗಸಾಕಿಯ ಪಾಲಾಯಿತು. ಕೆಲವು ವಾರಗಳ ಬಳಿಕ ಫುಜಿತಾ ನಾಗಸಾಕಿಗೆ ಹೋದರು. ತಮ್ಮ ಮರಣವು ಮತ್ತೊಂದು ಊರಿಗೆ ಸಂದುದನ್ನು ಕಣ್ಣಾರೆ ನೋಡುವ ಪ್ರಸಂಗ ಎಷ್ಟು ಮಂದಿಗೆ ಬಂದೀತು! ಸ್ಮಶಾನಗಳಲ್ಲಿ ಗೋರಿಗಳ ಮುಂದೆ ಹೂವಿಡುವ ಬಿದಿರಿನ ಕೊಳವೆಗಳ ಸುಟ್ಟ ಗುರುತನ್ನು ಅಳೆದು, ಬಾಂಬು ಎಷ್ಟು ಎತ್ತರದಲ್ಲಿ ಸಿಡಿಯಿತೆಂದು ಅವರು ಲೆಕ್ಕ ಹಾಕಿದರು. ಸ್ಫೋಟದ ನೇರ ಕೆಳಗಿನ ಮರಗಳು ಕರಿಕಾಗಿ ನಿಂತೇ ಇದ್ದವು. ದೂರದವು ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಬಿದ್ದಿದ್ದವು. ಆ ಚಿತ್ರ ಅವರ ಮನಸ್ಸಿನಲ್ಲಿ ಉಳಿಯಿತು.

1953ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯವು ಅವರನ್ನು ಕರೆಸಿಕೊಂಡಿತು. ಅಮೆರಿಕೆಯ ಬಯಲುಸೀಮೆಯ ಸುಂಟರಗಾಳಿ ನಮ್ಮ ಚಂಡಮಾರುತದಂತಲ್ಲ. ನೂರಾರು ಗಜ ಅಗಲದ ಒಂದು ಕಂಬವು ಹಲವೇ ನಿಮಿಷಗಳಲ್ಲಿ ಹೊಲಗಳನ್ನು ಸೀಳಿ ಮಾಯವಾಗುತ್ತದೆ. ಗಾಳಿಯನ್ನು ಅಳೆಯುವ ಯಂತ್ರ ಅಲ್ಲಿರುವುದು ಅಪೂರ್ವ, ಇದ್ದರೂ ಉಳಿಯುವುದು ಇನ್ನೂ ಅಪೂರ್ವ. ಆದುದರಿಂದ ಫುಜಿತಾ ಸಣ್ಣ ವಿಮಾನಗಳಲ್ಲಿ ಹಾರುತ್ತಾ ಹಾನಿಗೀಡಾದ ಹೊಲಗಳ ಛಾಯಾಚಿತ್ರ ತೆಗೆದರು. ಹೊಲಗಳ ಮೇಲೆ ಸುರುಳಿಸುರುಳಿಯಾದ ಗೆರೆಗಳು ಕಾಣಿಸುತ್ತಿದ್ದವು. ಗಾಳಿ ಹೊತ್ತ ವಸ್ತುಗಳು ನೆಲವನ್ನು ಕೆರೆದ ಗುರುತುಗಳೆಂದು ಹಿಂದಿನವರು ತಿಳಿದಿದ್ದರು. ಅವು ಕೆರೆತಗಳಲ್ಲ, ಬೆಳೆಯ ಕೂಳೆ, ಕಸಕಡ್ಡಿ ಸಾಲಾಗಿ ಕೂಡಿದ ಸಣ್ಣ ದಿಂಡುಗಳೆಂದು ಫುಜಿತಾ ತೋರಿಸಿದರು. ದೊಡ್ಡ ಸುಳಿಯೊಳಗೆ ಸಣ್ಣ ಸುಳಿಗಳು ತಿರುಗುತ್ತವೆಯೆಂಬ ತತ್ತ್ವ ಅದರಿಂದ ಸ್ಪಷ್ಟವಾಯಿತು. ಒಂದು ಮನೆ ನುಚ್ಚುನೂರಾಗಿ ಪಕ್ಕದ ಮನೆ ಉಳಿಯುವುದೇಕೆಂಬುದಕ್ಕೂ ಉತ್ತರ ಸಿಕ್ಕಿತು.

1971ರಲ್ಲಿ ಅವರು ಸುಂಟರಗಾಳಿಗಳನ್ನು ಸೊನ್ನೆಯಿಂದ ಐದರವರೆಗಿನ ದರ್ಜೆಗಳಲ್ಲಿ ವಿಂಗಡಿಸಿದರು. ಇದರಲ್ಲಿ ಒಂದು ಕೊರತೆಯುಂಟೆಂದು ನಾವು ಹೇಳಲೇಬೇಕು. ಅಳೆಯುವುದು ಹಾನಿಯನ್ನು, ಊಹಿಸುವುದು ಗಾಳಿಯನ್ನು. ಮನೆಯಿಲ್ಲದ ಬಯಲಿನಲ್ಲಿ ಬೀಸಿದ ಘೋರ ಗಾಳಿಯೂ ಕೆಳದರ್ಜೆಗೆ ಇಳಿದೀತು. 2007ರಿಂದ ಅಮೆರಿಕೆಯಲ್ಲಿ ಅದರ ಪರಿಷ್ಕೃತ ರೂಪ ಬಳಕೆಗೆ ಬಂದಿತು.

1974ರ ಏಪ್ರಿಲ್ 3 ಮತ್ತು 4ರಂದು ಹದಿಮೂರು ಸಂಸ್ಥಾನಗಳಲ್ಲಿ 148 ಸುಂಟರಗಾಳಿಗಳೆದ್ದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಹಾದಿಗಳನ್ನು ಪರಿಶೀಲಿಸುತ್ತಾ ಹಾರುವಾಗ ಪಶ್ಚಿಮ ವರ್ಜೀನಿಯದ ಕಾಡಿನಲ್ಲಿ ಮರಗಳು ಸುಳಿಯಾಕಾರದಲ್ಲಿ ಬಿದ್ದಿರದೆ, ನಾಗಸಾಕಿಯಲ್ಲಿ ಕಂಡಂತೆ ನಕ್ಷತ್ರಾಕಾರದಲ್ಲಿ ಬಿದ್ದಿರುವುದನ್ನು ಫುಜಿತಾ ಕಂಡರು. ಗುಡುಗುಮೋಡದಿಂದ ಗಾಳಿಯು ನೇರ ಕೆಳಗೆ ಅಪ್ಪಳಿಸಿ ಸುತ್ತಲೂ ಚೆಲ್ಲಿದೆಯೆಂದು ಅವರು ತರ್ಕಿಸಿದರು. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಬಿದ್ದು 113 ಮಂದಿ ಮಡಿದಾಗ, ಕೊಂದುದು ಅಂಥದೇ ಗಾಳಿಯೆಂದರು. ಪಂಡಿತರಲ್ಲಿ ಹಲವರು ನಂಬಲಿಲ್ಲ. 1978ರಲ್ಲಿ ರಾಡಾರು ಆ ಗಾಳಿಯನ್ನು ಹಿಡಿದು ತೋರಿಸಿತು. ಮುಂದೆ ವಿಮಾನ ನಿಲ್ದಾಣಗಳಿಗೆ ವಿಶೇಷ ರಾಡಾರು, ಚಾಲಕರಿಗೆ ವಿಶೇಷ ತರಬೇತಿ ಬಂದು ಅಮೆರಿಕೆಯಲ್ಲಿ ಇಂತಹ ಅಪಘಾತಗಳು ಅಪರೂಪವಾದವು. ಗುಡುಗುಮೋಡದ ಗಾಳಿ ಎಂತಹದೆಂಬುದನ್ನು 2024ರ ಮೇ 13ರ ಸಂಜೆ ಘಾಟ್ಕೋಪರದಲ್ಲಿ ಜಾಹೀರಾತಿನ ಫಲಕ ಉರುಳಿ 17 ಜನ ಸತ್ತಾಗ ನಾವೂ ಕಂಡೆವು. ಅಲ್ಲಿ ಗಾಳಿಯೊಂದೇ ತಪ್ಪಿತಸ್ಥನಾಗಿರಲಿಲ್ಲವೆಂಬುದು ಬೇರೆ ಮಾತು.

ಬಾಳೆಲ್ಲ ಸುಂಟರಗಾಳಿಯ ಜಾಡು ಹಿಡಿದ ಫುಜಿತಾ ಅದನ್ನು ಮೊತ್ತಮೊದಲು ಕಣ್ಣಿಂದ ಕಂಡುದು 1982ರ ಜೂನ್ 12ರಂದು, ತಮ್ಮ ಅರುವತ್ತೊಂದನೆಯ ವಯಸ್ಸಿನಲ್ಲಿ. 1998ರ ನವೆಂಬರ್ 19ರಂದು ಷಿಕಾಗೊದಲ್ಲಿ ಅವರು ತೀರಿಕೊಂಡರು.