ಧಮ್ಮ ಚಿಂತನೆ: ಕಹಿ ಮಾತನ್ನು ಕೇಳಿಸಿಕೊಂಡ ಕವಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಯ ನಮ್ಮ ಅಧ್ಯಯನ ಬಳಗ ಈ ವಾರ ಎತ್ತಿಕೊಂಡಿರುವ ವಿಷಯ ಸಮ್ಮಾ ವಾಚಾ, ಅಂದರೆ ಸರಿಯಾದ ಮಾತು. ಒಡೆದ ಊರನ್ನು ಮಾತಿನಿಂದ ಕೂಡಿಸಲು ಆಗುತ್ತದೆಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಇದಕ್ಕೆ ನಾನು ಆರಿಸಿಕೊಂಡಿರುವುದು ನಮ್ಮ ಕೊಪ್ಪ ತಾಲ್ಲೂಕಿನಲ್ಲೇ ಹುಟ್ಟಿದ ಒಬ್ಬರ ಬದುಕನ್ನು. ಅವರು ಕುವೆಂಪು.

ಬಳಗದ ಕೆಲವು ಕಿರಿಯರು ಇದಕ್ಕೆ ಹುಬ್ಬೇರಿಸಬಹುದು. ಅವರು ರಾಮಾಯಣ ಬರೆದವರು, ರಾಮಕೃಷ್ಣಾಶ್ರಮದ ಒಡನಾಟದಲ್ಲಿ ಬೆಳೆದವರು, ಬುದ್ಧನ ದಾರಿಗೆ ದೀಕ್ಷೆ ಪಡೆದು ಬಂದವರಲ್ಲ. ನಮ್ಮ ಚಿಂತನೆಯಲ್ಲಿ ಅವರಿಗೇನು ಕೆಲಸ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳುವ ಮೊದಲು ಮಜ್ಝಿಮ ನಿಕಾಯದ ಒಂದು ಪ್ರಸಂಗವನ್ನು ನೆನೆಯೋಣ.

ಬಿಂಬಿಸಾರನ ಮಗ ಅಭಯ ರಾಜಕುಮಾರ ಭಗವಾನರನ್ನು ಇಕ್ಕಟ್ಟಿಗೆ ಸಿಲುಕಿಸಲೆಂದೇ ಒಂದು ಪ್ರಶ್ನೆ ಹೊತ್ತು ಬಂದ. ಕೇಳುವವರಿಗೆ ಕಹಿಯಾಗುವ ಮಾತನ್ನು ತಾವು ಆಡುತ್ತೀರಾ, ಇಲ್ಲವಾ ಎಂಬುದು ಆ ಪ್ರಶ್ನೆ. ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಆಗ ರಾಜಕುಮಾರನ ತೊಡೆಯ ಮೇಲೆ ಒಂದು ಕೂಸು ಇತ್ತು. ಭಗವಾನರು ಅದನ್ನೇ ತೋರಿಸಿ ಕೇಳಿದರು: ಈ ಕೂಸು ಕಲ್ಲನ್ನೋ ಕಡ್ಡಿಯನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ? ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ ಎಂದ ರಾಜಕುಮಾರ. ಕೂಸಿನ ಮೇಲಿನ ಕರುಣೆಯೇ ಅದಕ್ಕೆ ಕಾರಣ. ತಥಾಗತರ ಮಾತೂ ಹಾಗೆಯೇ. ಸುಳ್ಳು ಮಾತು, ಪ್ರಯೋಜನವಿಲ್ಲದ ಮಾತು ಎಷ್ಟೇ ಸಿಹಿಯಾಗಿದ್ದರೂ ಅವರು ಆಡುವುದಿಲ್ಲ. ನಿಜವಾದ, ಹಿತವಾದ ಮಾತು ಕಹಿಯಾಗಿದ್ದರೂ ಹೊತ್ತು ನೋಡಿ ಆಡುತ್ತಾರೆ.

ಈ ಸುತ್ತದಿಂದ ನಾವು ಸಾಮಾನ್ಯವಾಗಿ ಕಲಿಯುವುದು ಹೇಳುವವರ ಪಾಠ. ಕೇಳಿಸಿಕೊಳ್ಳುವವರ ಪಾಠವೂ ಅದರಲ್ಲಿದೆ. ಗಂಟಲಲ್ಲಿ ಕಲ್ಲು ಇರುವವರು ಬೆರಳು ಕಚ್ಚದೆ ಬಾಯಿ ತೆರೆಯಬೇಕು. ಕುವೆಂಪು ಅವರ ಬದುಕಿನಲ್ಲಿ ನಾನು ಕಾಣುವುದು ಇದನ್ನೇ.

ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿ ಸೀತಮ್ಮನವರ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ತಂದೆ ವೆಂಕಟಪ್ಪಗೌಡರ ದೊಡ್ಡ ಮನೆಯಲ್ಲಿ. ಅಡಿಕೆ ತೋಟ, ಗದ್ದೆ, ಆಳುಕಾಳುಗಳಿದ್ದ ಒಕ್ಕಲಿಗರ ಮನೆತನ ಅದು. ನಮ್ಮ ಮಲೆನಾಡಿನ ಅಂಥ ಮನೆಗಳ ಲೆಕ್ಕ ನಮಗೆಲ್ಲ ಗೊತ್ತು. ಯಾರು ಜಗಲಿ ಹತ್ತಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರಿಗೆ ಅಂಗಳಕ್ಕೂ ಬರುವಂತಿಲ್ಲ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಮೂರು ವರ್ಷದ ಮಗುವಿಗೂ ಅದು ಬಾಯಿಪಾಠ ಇರುತ್ತಿತ್ತು.

ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಇದು ಏಣಿಯಂಥದ್ದು. ಪ್ರತಿಯೊಬ್ಬರ ತಲೆಯ ಮೇಲೂ ಒಂದು ಕಾಲು ಇರುತ್ತದೆ, ಪ್ರತಿಯೊಬ್ಬರ ಕಾಲ ಕೆಳಗೂ ಒಂದು ತಲೆ ಇರುತ್ತದೆ. ಹಾಗಾಗಿ ಪ್ರತಿಯೊಬ್ಬರಿಗೂ ಮೇಲಿನವರ ಬಗ್ಗೆ ದೂರು ಇರುತ್ತದೆ, ಕೆಳಗಿನವರ ಮುಂದೆ ಗರ್ವ ಇರುತ್ತದೆ. ಜಾತಿಯ ಊರಿನಲ್ಲಿ ಸಂವಾದ ಯಾಕಿಷ್ಟು ಕಷ್ಟ ಎಂಬುದಕ್ಕೆ ಕಾರಣ ಇಲ್ಲೇ ಇದೆ. ಕುವೆಂಪು ಈ ಏಣಿಯ ನಡುವಿನ ಮೆಟ್ಟಿಲಲ್ಲಿ ಹುಟ್ಟಿದವರು. ವರ್ಣದಲ್ಲಿ ಶೂದ್ರರು, ಊರಿನಲ್ಲಿ ಒಡೆಯರು. ಅಂಥವರು ಮೇಲೆ ನೋಡಿ ದೂರು ಹೇಳುತ್ತಲೇ ಬದುಕು ಮುಗಿಸಬಹುದಿತ್ತು. ಅವರು ಎರಡೂ ಕಡೆ ನೋಡಿದರು. ಅವರ ಬದುಕಿನ ಮೂರು ಸಂವಾದಗಳನ್ನು ಹೇಳಿದರೆ ಇದು ತಿಳಿಯುತ್ತದೆ.

ಮೊದಲನೆಯದು ಹೊರಗಿನವರೊಬ್ಬರ ಮಾತು. ತೀರ್ಥಹಳ್ಳಿಯ ಶಾಲೆ ಮುಗಿಸಿ ಮೈಸೂರು ಸೇರಿದ ಹುಡುಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ. 1922ರಲ್ಲಿ ಅವು ಪುಸ್ತಕವಾಗಿಯೂ ಬಂದವು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗ ತನ್ನ ಕವಿತೆಗಳನ್ನು ಹಿಡಿದು ಅವರ ಬಳಿ ಹೋದ. ಹೊಗಳಿಕೆ ಸಿಗುತ್ತದೆ ಎಂದುಕೊಂಡವನಿಗೆ ಸಿಕ್ಕಿದ್ದು ನಿನ್ನ ತಾಯ್ನುಡಿಯಲ್ಲಿ ಬರೆ ಎಂಬ ಬುದ್ಧಿಮಾತು. ಇಪ್ಪತ್ತರ ಹರೆಯದಲ್ಲಿ ಇಂಥ ಮಾತು ಸಿಹಿಯಾಗಿ ಕೇಳುವುದಿಲ್ಲ. ಆತ ಸಿಟ್ಟಿನಿಂದ ಆ ಮಾತನ್ನು ಬಿಸಾಕಬಹುದಿತ್ತು. ಆದರೆ ಕನ್ನಡಕ್ಕೆ ಹೊರಳಿದ. ನಾವು ಇಂದು ಓದುವ ಕುವೆಂಪು ಹುಟ್ಟಿದ್ದು ಆ ಕಹಿ ಮಾತಿನಿಂದ ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ.

ಕನ್ನಡಕ್ಕೆ ಬಂದವರು ಏನು ಬರೆದರು? 1928ರಲ್ಲಿ 'ಜಲಗಾರ' ನಾಟಕ. ಅದರಲ್ಲಿ ಬೀದಿ ಗುಡಿಸುವವನಿಗೆ ಗುಡಿಯ ಬಾಗಿಲು ಮುಚ್ಚಿದೆ. ಶಿವನೇ ಜಲಗಾರನ ವೇಷದಲ್ಲಿ ಬೀದಿಗೆ ಬಂದು ಅವನನ್ನು ಅಪ್ಪಿಕೊಳ್ಳುತ್ತಾನೆ. ಸಿದ್ಧಾರ್ಥನು ಮನೆ ಬಿಟ್ಟು ಹೊರಟ ರಾತ್ರಿಯನ್ನು ಕುರಿತು 'ಮಹಾರಾತ್ರಿ' ಎಂಬ ನಾಟಕ ಬರೆದದ್ದನ್ನೂ ನಮ್ಮವರು ತಿಳಿದಿರಬೇಕು. 1936ರಲ್ಲಿ 'ಕಾನೂರು ಹೆಗ್ಗಡಿತಿ', 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಬಂದವು. ಈ ಎರಡು ಕಾದಂಬರಿಗಳಲ್ಲಿ ಅವರು ತಮ್ಮಂಥ ದೊಡ್ಡ ಮನೆಗಳ ಒಳಗಿನ ಕ್ರೌರ್ಯ, ಮೌಢ್ಯ, ಜೀತಗಾರರ ಮೇಲಿನ ದಬ್ಬಾಳಿಕೆ ಯಾವುದನ್ನೂ ಮುಚ್ಚಿಡಲಿಲ್ಲ. 'ಮಲೆಗಳಲ್ಲಿ ಮದುಮಗಳು' ಶುರುವಾಗುವುದು ಗೌಡರಿಂದಲ್ಲ, ಹೊಲೆಯರ ಗುತ್ತಿಯಿಂದ, ಅವನ ನಾಯಿ ಹುಲಿಯನಿಂದ. ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಗುತ್ತಿ ತುಂಬಿ ಹರಿಯುವ ತುಂಗೆಯನ್ನು ದಾಟುತ್ತಾನೆ, ಹುಲಿಯ ನೀರುಪಾಲಾಗುತ್ತದೆ. ಅಂಗಳದಾಚೆ ನಿಲ್ಲಬೇಕಾಗಿದ್ದವನನ್ನು ಕಾದಂಬರಿಯ ಜಗಲಿಯ ಮೇಲೆ ಕೂರಿಸಿದವರು ಅವರು. ತನ್ನ ಮನೆಯ ತಪ್ಪನ್ನು ತಾನೇ ಊರ ಮುಂದೆ ಹೇಳುವವರ ಜೊತೆ ಮಾತ್ರ ಮಾತುಕತೆ ಸಾಧ್ಯ.

ಎರಡನೆಯ ಸಂವಾದ ಮೇಲಿನ ಮೆಟ್ಟಿಲಿನ ಜೊತೆ. 1944ರಲ್ಲಿ 'ಶೂದ್ರ ತಪಸ್ವಿ' ಬಂತು. ಶಂಬೂಕನ ಕಥೆ ನಮಗೆ ಹೊಸದಲ್ಲ. ಶೂದ್ರ ತಪಸ್ಸು ಮಾಡಿದ್ದಕ್ಕೆ ಬ್ರಾಹ್ಮಣನ ಮಗು ಸತ್ತಿತೆಂದು ದೂರು ಬರುತ್ತದೆ, ರಾಮ ಶಂಬೂಕನ ತಲೆ ಕಡಿಯುತ್ತಾನೆ. ಕುವೆಂಪು ಇದನ್ನು ಬದಲಿಸಿದರು. ಅವರ ನಾಟಕದಲ್ಲಿ ರಾಮ ಬಿಟ್ಟ ಬಾಣ ಶಂಬೂಕನಿಗೆ ನಮಿಸಿ ಹಿಂದಿರುಗಿ, ದೂರು ತಂದವನ ಬೆನ್ನು ಹತ್ತುತ್ತದೆ. ಅವನು ತಪಸ್ವಿಗೆ ತಲೆಬಾಗಿದ ಮೇಲೆ ಮಗು ಬದುಕುತ್ತದೆ. ಯಾರೂ ಸಾಯುವುದಿಲ್ಲ, ಸಾಯುವುದು ಜಾತಿಯ ಹೆಮ್ಮೆ ಒಂದೇ.

ಇದನ್ನು ಹಿರಿಯರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಒಪ್ಪಲಿಲ್ಲ. ಹಳೆಯ ಕಥೆ ಹಿಡಿಸದಿದ್ದರೆ ಹೊಸ ಕಥೆ ಕಟ್ಟಬೇಕೇ ಹೊರತು ಜನ ನಂಬಿ ಬಂದ ಪುರಾಣವನ್ನು ತಿರುಚಬಾರದು ಎಂಬುದು ಅವರ ವಾದದ ಸಾರ. ಕುವೆಂಪು ಬರಹದಲ್ಲೇ ಉತ್ತರ ಕೊಟ್ಟರು. ಮಾಸ್ತಿಯವರ ದೊಡ್ಡತನವನ್ನು ಕಿತ್ತು ಹಾಕಲಿಲ್ಲ, ತಮ್ಮ ನಾಟಕವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಇಬ್ಬರೂ ಒಮ್ಮತಕ್ಕೆ ಬರಲಿಲ್ಲ. ಆದರೆ ಪುರಾಣವನ್ನು ಪ್ರಶ್ನಿಸುವ ಹಕ್ಕು ಶೂದ್ರ ಲೇಖಕನಿಗೂ ಇದೆ ಎಂಬುದು ಆ ಚರ್ಚೆಯಲ್ಲಿ ಕನ್ನಡಕ್ಕೆ ಸ್ಪಷ್ಟವಾಯಿತು. ಸಂವಾದ ಎಂದರೆ ಕೊನೆಗೆ ಇಬ್ಬರೂ ಒಂದೇ ಮಾತು ಹೇಳಬೇಕೆಂದಲ್ಲ. ಹೆದರದೆ ಹೇಳಬೇಕು, ದ್ವೇಷವಿಲ್ಲದೆ ಹೇಳಬೇಕು, ಅಷ್ಟೇ.

ಇಲ್ಲಿ ನಮ್ಮ ಕಿರಿಯರ ಇನ್ನೊಂದು ಆಕ್ಷೇಪ ಇರುವುದೂ ನನಗೆ ಗೊತ್ತು. ಬಾಣವನ್ನು ತಿರುಗಿಸಿ ಕುವೆಂಪು ರಾಮನನ್ನು ಉಳಿಸಿಬಿಟ್ಟರಲ್ಲವೇ? 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಇದೇ ಶಂಬೂಕನ ಪ್ರಸಂಗವನ್ನು ಎತ್ತಿಕೊಂಡು, ದಂಡನೆಯ ಬಲವಿಲ್ಲದೆ ಚಾತುರ್ವರ್ಣ್ಯ ನಿಲ್ಲಲಾರದು, ಆದ್ದರಿಂದ ರಾಮನ ಆ ಕೃತ್ಯ ವ್ಯವಸ್ಥೆಯೊಳಗಿಂದಲೇ ಬಂದದ್ದು ಎಂದು ತೋರಿಸಿದ್ದರು. ಬಾಬಾಸಾಹೇಬರ ಓದು ರೋಗದ ಬೇರನ್ನು ತೋರಿಸುತ್ತದೆ. ನಾನು ಆ ಓದಿನ ಕಡೆಯವನೇ. ಆದರೂ ಕುವೆಂಪು ಮಾಡಿದ ಕೆಲಸ ಚಿಕ್ಕದಲ್ಲ. ರಾಮನ ಕಥೆಯನ್ನು ಬಿಡಲಾರದ ನಮ್ಮ ನೆರೆಮನೆಯವರಿಗೆ, ಅವರ ಕಥೆಯೊಳಗೇ ನಿಂತು, ನಿಮ್ಮ ಬಾಣ ತಪ್ಪು ಕಡೆ ಹೋಗಿದೆ ಎಂದು ಹೇಳಿದರು.

ಮೂರನೆಯ ಸಂವಾದವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಅದು ಕೆಳಗಿನ ಮೆಟ್ಟಿಲಿನಿಂದ ಬಂದ ಮಾತು. 1973ರ ನವೆಂಬರ್. ಮೈಸೂರಿನ ಒಂದು ಸಮಾರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ಬೂಸಾ ಅಂದರೆ ದನಕ್ಕೆ ಹಾಕುವ ತೌಡು, ಹೊಟ್ಟು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ ಸಚಿವರು ಇವರೇ. ಆ ಒಂದು ಮಾತಿಗೆ ರಾಜ್ಯ ಹೊತ್ತಿ ಉರಿಯಿತು. ಕನ್ನಡದ ಅಭಿಮಾನದ ಹೆಸರಿನಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಸಚಿವ ಸ್ಥಾನ ಬಿಡಬೇಕಾಯಿತು.

ಆಗ ಕುವೆಂಪು ಅವರಿಗೆ 68 ವರ್ಷ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು, ರಾಷ್ಟ್ರಕವಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ 1956ರಿಂದ 1960ರವರೆಗೆ ಕೆಲಸ ಮಾಡಿ ಮಾನಸಗಂಗೋತ್ರಿಯನ್ನು ಕಟ್ಟಿದವರು. ಕನ್ನಡ ಸಾಹಿತ್ಯವನ್ನು ಬೂಸಾ ಎಂದರೆ ಮೊದಲು ನೋಯಬೇಕಾದವರು ಅವರೇ. ಬೀದಿಗಿಳಿದವರು ಅವರ ಹೆಸರನ್ನೇ ಗುರಾಣಿ ಮಾಡಿಕೊಳ್ಳಬಹುದಿತ್ತು. ಅದಕ್ಕೆ ಅವರು ಅವಕಾಶ ಕೊಡಲಿಲ್ಲ. ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆ ಎಂದು ಅವರ ಪರವಾಗಿ ನಿಂತರು. 1928ರಲ್ಲಿ ಜಲಗಾರನನ್ನು ಕುರಿತು ಬರೆದವರೂ, ಜಲಗಾರರ ತಲೆಯಿಂದ ಮಲದ ಬಕೆಟ್ಟನ್ನು ಇಳಿಸಿದವರೂ ಒಂದೇ ಕಡೆ ನಿಂತರು.

ಅವರ ಮಾತಿನಿಂದ ಗಲಭೆ ನಿಂತುಹೋಯಿತೆಂದು ನಾನು ಹೇಳಲಾರೆ. ಸಚಿವರ ಸ್ಥಾನವೂ ಉಳಿಯಲಿಲ್ಲ. ಆದರೆ ಆ ಬೆಂಕಿಯ ನಂತರವೇ ನಮ್ಮವರು ಬರೆಯತೊಡಗಿದರು, ಸಂಘಟಿತರಾದರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ನಮ್ಮ ನರಸಿಂಹರಾಜಪುರದವರಿಗೆ ಹತ್ತಿರದ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಬೂಸಾ ಎಂಬ ಒಂದು ಕಹಿ ಮಾತು ಕನ್ನಡದ ಗಂಟಲಿನ ಕಲ್ಲನ್ನು ಹೊರತೆಗೆಯಿತು. ರಕ್ತವೂ ಬಂತು. ಆದರೆ ಆಮೇಲೆ ಕನ್ನಡ ಸಾಹಿತ್ಯ ಮೊದಲಿನಂತೆ ಉಳಿಯಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಕುವೆಂಪು ಬೌದ್ಧರಾಗಲಿಲ್ಲ. ಹುಟ್ಟಿನ ಮತವನ್ನು ದಾಟಿ ಮನುಜಮತಕ್ಕೆ, ವಿಶ್ವಪಥಕ್ಕೆ ಬನ್ನಿ ಎಂದು ಕರೆದರು. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ ಮಂತ್ರಮಾಂಗಲ್ಯದಿಂದ ಮಾಡಿದರು. 1994ರ ನವೆಂಬರ್ 11ರಂದು ತೀರಿಕೊಂಡು ಕುಪ್ಪಳಿಯ ಕವಿಶೈಲದಲ್ಲಿ ಮಣ್ಣಾದರು. ಬಾಬಾಸಾಹೇಬರು ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದದ್ದು 1935ರಲ್ಲಿ, ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರಲ್ಲಿ. ನಡುವೆ 21 ವರ್ಷ ಅವರು ಓದಿದರು, ಎಲ್ಲರ ಜೊತೆ ವಾದಿಸಿದರು, ಕಾದರು, ಆಮೇಲೆ ಆ ಮನೆ ಬಿಟ್ಟು ಹೊರಟರು. ನಾವು ಅವರ ಹಿಂದೆ ಬಂದವರು. ಹಳೆಯ ಮನೆಯಲ್ಲೇ ಉಳಿದು ಅದರ ಗೋಡೆ ಕೆಡವುತ್ತಿರುವವರ ಜೊತೆ ಮಾತು ಬಿಡಬೇಕಾಗಿಲ್ಲ. ಆದರೆ ಕೆಳಗಿನವರು ಮೊದಲು ದನಿ ತಗ್ಗಿಸಲಿ, ಆಮೇಲೆ ಮಾತಾಡೋಣ ಎನ್ನುವುದು ಸಂವಾದವಲ್ಲ. ಬೂಸಾ ಎಂಬ ಪದ ಮೆತ್ತಗಾಗಲಿ ಎಂದು ಕುವೆಂಪು ಕಾಯಲಿಲ್ಲ; ಪದದ ಹಿಂದಿದ್ದ ನೋವನ್ನು ಕೇಳಿಸಿಕೊಂಡರು.

ಕೊನೆಗೆ, ಈ ಪಾಠ ಬೇರೆಯವರಿಗೆ ಹೇಳಿ ಮುಗಿಸುವಂಥದ್ದಲ್ಲ. ಏಣಿಯಲ್ಲಿ ನಮ್ಮ ಕಾಲ ಕೆಳಗೂ ತಲೆಗಳಿವೆ. ಒಳಮೀಸಲಾತಿಯ ಮಾತು ಬಂದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲೇ ಎಡಗೈ ಬಲಗೈ ಎಂದು ಎಷ್ಟು ಬಿಸಿಯಾಗುತ್ತದೆ ನೋಡಿ. ಒಂದೇ ತ್ರಿಸರಣ ಹೇಳಿದವರು ಸಂಜೆಗೆ ಬೇರೆ ಬೇರೆ ಗುಂಪು. ನಮಗಿಂತ ಹಿಂದುಳಿದವರು, ನೀವು ನಮ್ಮ ಪಾಲನ್ನೂ ತಿಂದಿರಿ ಎಂದಾಗ ನಮಗೂ ಮೈ ಉರಿಯುತ್ತದೆ. ಮನೆಯ ಹೆಣ್ಣುಮಕ್ಕಳು, ಸಭೆಯಲ್ಲಿ ಸಮತೆ ಹೇಳಿ ಅಡುಗೆಮನೆಯಲ್ಲಿ ಯಾಕೆ ಮರೆತಿರಿ ಎಂದಾಗಲೂ ಹಾಗೆಯೇ. ನಮ್ಮ ಪಾಲಿನ ಬೂಸಾ ಮಾತುಗಳು ಇವು. ಮೇಲಿನವರಿಂದ ನಾವು ಬಯಸುವ ಕಿವಿಯನ್ನು ಕೆಳಗಿನವರಿಗೆ ನಾವು ಕೊಡದಿದ್ದರೆ ನಮ್ಮ ಸಮ್ಮಾ ವಾಚಾ ಅರ್ಧವೇ.

ಇಂದಿನ ಅಭ್ಯಾಸ: ಇತ್ತೀಚೆಗೆ ನಿಮ್ಮನ್ನು ಚುಚ್ಚಿದ ಒಂದು ಮಾತನ್ನು ನೆನಪಿಸಿಕೊಳ್ಳಿ. ಅದು ನಮಗಿಂತ ಕಡಿಮೆ ಬಲ ಇರುವವರಿಂದ ಬಂದದ್ದಾಗಿರಲಿ. ಐದು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕುಳಿತು, ಅದನ್ನು ಹೇಗೆ ಹೇಳಿದರು ಎಂಬುದನ್ನು ಬದಿಗಿಟ್ಟು, ಅದರಲ್ಲಿ ನಿಜವೆಷ್ಟು ಎಂದು ಕೇಳಿಕೊಳ್ಳಿ. ನಿಜವಿದ್ದರೆ ನಾಳೆ ಅವರ ಮನೆಗೆ ನೀವೇ ಹೋಗಿ. ಅವರನ್ನು ನಿಮ್ಮ ಜಗಲಿಗೆ ಕರೆಸಿಕೊಳ್ಳಬೇಡಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.